ಶಾಂತಳ್ಳಿ ಕಡೆ ಒಂದು ಮನೆಗೆ ಹೆಡ್‌ಫೋನು, ಆಂಪು ಆರಿಸಿದ್ದು: ಪೂರ್ತಿ ಪ್ರಕರಣ

ಇದು ನಮ್ಮ ದೊಡ್ಡಪ್ಪನ ಪ್ರಕರಣ, ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ. ಎಪ್ಪತ್ತು ದಾಟಿದೆ, ಮಿಲಿಟರಿಯಿಂದ ರಿಟೈರ್ ಆಗಿ ಊರಿಗೆ ಬಂದವರು, ಸೋಮವಾರಪೇಟೆ ತಾಲ್ಲೂಕು ಶಾಂತಳ್ಳಿ ಕಡೆ ಕಾಫಿ ಮೆಣಸು ನೋಡ್ಕೊಂಡಿದಾರೆ. ಬೆಳಗಾವಿ ಪೋಸ್ಟಿಂಗಲ್ಲಿದ್ದಾಗ ಹಿಂದೂಸ್ತಾನಿ ಸಂಗೀತದ ಹುಚ್ಚು ಹಿಡೀತು, ಆಮೇಲೆ ಬಿಡ್ಲೇ ಇಲ್ಲ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಇವರದ್ದೆಲ್ಲ ಹಳೇ ರೆಕಾರ್ಡಿಂಗು ಹಾರ್ಡ್ ಡಿಸ್ಕಲ್ಲಿ ತುಂಬ್ಸಿಟ್ಕೊಂಡು ರಾತ್ರಿ ಊಟ ಆದ್ಮೇಲೆ ಎರಡು ಮೂರು ಗಂಟೆ ಕೇಳೋದು ಅವರ ದಿನಚರಿ. ದೊಡ್ಡಮ್ಮ ಬೇಗ ಮಲಗ್ತಾರೆ, ಹಳೇ ಮನೆ, ಕೋಣೆ ಕೋಣೆ ಮಧ್ಯೆ ಹಲಗೆ ಗೋಡೆ, ಅದಕ್ಕೆ ಸ್ಪೀಕರ್ ಆಗಲ್ಲ.

ಬೆಂಗಳೂರಲ್ಲಿರೋ ಮಗ, ಅಂದ್ರೆ ನಮ್ಮಣ್ಣ, ಒಂದೂವರೆ ಲಕ್ಷ ತೆಗೆದಿಟ್ಟು ಒಂದು ಲಿಸ್ಟ್ ಕಳ್ಸಿದ್ದ: ಸೆನ್‌ಹೈಸರ್ ಎಚ್‌ಡಿ 800 ಎಸ್, ಅದಕ್ಕೆ ಸಿಗ್ನಲ್ ಏರಿಸಿ ಕೊಡೋ ಒಂದು ವಾಲ್ವ್ ಆಂಪ್ಲಿಫೈಯರ್, ಅಂದ್ರೆ ಹಳೇ ರೇಡಿಯೋ ಥರ ಗಾಜಿನ ವಾಲ್ವ್ ಇರೋ ಆಂಪು. ಆರ್ಡರ್ ಹಾಕೋ ಮುಂಚೆ ನನ್ನ ಕೇಳಿದ, ಯಾಕಂದ್ರೆ ನಾನಿರೋದು ಸೋಮವಾರಪೇಟೇಲಿ, ಆಂಪ್ ರಿಪೇರಿ ಮಾಡೋದು, ಕಟ್ಟೋದು ನನಗೆ ವರ್ಷಗಳಿಂದ ಅಭ್ಯಾಸ, ದೊಡ್ಡಪ್ಪನ ಮನೆ ವೈರಿಂಗ್ ಕೂಡ ನನಗೆ ಗೊತ್ತು. ಅಣ್ಣನ ಲಿಸ್ಟಲ್ಲಿರೋ ಸಾಮಾನು ಎರಡೂ ಒಳ್ಳೇದೇ. ಆದ್ರೆ ಅವನು ಶುರು ಮಾಡಿದ್ದು ಸಾಮಾನಿಂದ. ನಾನು ಮೊದಲು ಕಿವಿ ನೋಡೋಣ, ಆಮೇಲೆ ಮನೆ ನೋಡೋಣ, ಅವೆರಡೂ ಒಪ್ಪೋ ಹೆಡ್‌ಫೋನ್ ಯಾವುದು ಅಂತ ಆದ್ಮೇಲೆ ಆಂಪ್ ಲೆಕ್ಕ ಹಾಕಿದ್ರೆ ಸಾಕು ಅಂದೆ. ಈ ವರಸೆ ತಿರುಗಿಸಿದ್ರೆ ದುಡ್ಡು ಎಲ್ಲಿ ಹೋಗ್ಬೇಕೋ ಅಲ್ಲಿ ಹೋಗಲ್ಲ, ಇಷ್ಟು ಹೇಳೋಕೇ ಈ ಬರಹ.

ಕಿವಿ ಟೆಸ್ಟಿಗೆ ಒಪ್ಪಿಸೋದು ಸುಲಭ ಇರ್ಲಿಲ್ಲ. "ನನ್ ಕಿವೀಗೆ ಏನಾಗಿದೆ ಮಾರಾಯ, ತೋಟದ ಆ ತುದೀಲಿ ಹಂದಿ ಬಂದ್ರೆ ಗೊತ್ತಾಗತ್ತೆ" ಅಂದ್ರು. "ದೊಡ್ಡಪ್ಪ, ಹಂದಿ ಗುಟುರು ಕೆಳಗಿನ ಸ್ವರ, ನಾವು ನೋಡ್ಬೇಕಾಗಿರೋದು ಮೇಲಿಂದು, ಒಂದ್ಸಲ ಬನ್ನಿ" ಅಂತ ಮೈಸೂರಿಗೆ ಕರ್ಕೊಂಡ್ಹೋದೆ, ಮಾನಸಗಂಗೋತ್ರೀಲಿರೋ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ. ಅಲ್ಲಿ ಶಬ್ದ ಬರದ ರೂಮಲ್ಲಿ ಕೂರಿಸಿ 250 ಹರ್ಟ್ಸಿಂದ 8000 ಹರ್ಟ್ಸ್ ತನಕ (ಅಂಕಿ ಏರಿದಷ್ಟೂ ಸ್ವರ ಮೇಲಿಂದು) ಒಂದೊಂದೇ ಸ್ವರ ಕೇಳ್ಸಿ, ಎಷ್ಟು ಮೆಲ್ಲಗಿದ್ರೂ ಕೇಳತ್ತೆ ಅಂತ ಗ್ರಾಫ್ ತೆಗೀತಾರೆ, ಅದೇ ಆಡಿಯೋಗ್ರಾಂ. 2000 ತನಕ ಎರಡೂ ಕಿವಿ ವಯಸ್ಸಿಗೆ ತಕ್ಕಂಗೆ ಚೆನ್ನಾಗೇ ಇತ್ತು. 4000 ಹರ್ಟ್ಸಲ್ಲಿ ಬಲಗಿವಿ 35 ಡಿಬಿಗೆ ಇಳಿದಿತ್ತು, ಎಡಗಿವಿ 55ಕ್ಕೆ, 8000ದಲ್ಲಿ ಎರಡೂ ಮತ್ತೆ ಸ್ವಲ್ಪ ವಾಸಿ. ಡಿಬಿ ಅಂದ್ರೆ ಡೆಸಿಬೆಲ್, ಸದ್ದಿನ ಅಳತೆ, ಈ ಗ್ರಾಫಲ್ಲಿ ಅಂಕಿ ಜಾಸ್ತಿ ಆದಷ್ಟೂ ಕಿವಿ ಕೇಳೋದು ಕಮ್ಮಿ. ದೊಡ್ಡೋರಿಗೆ 25 ಡಿಬಿ ಒಳಗಿದ್ರೆ ನಾರ್ಮಲ್ ಅಂತ ಲೆಕ್ಕ.

ಗ್ರಾಫಲ್ಲಿ 4000ದ ಹತ್ರ ಬೀಳೋ ಈ ತಗ್ಗು ಜೋರು ಸದ್ದು ಕೇಳಿ ಕೇಳಿ ಸವೆದ ಕಿವಿಯ ಗುರುತು, ಬಂದೂಕು ಹಿಡಿದವರಲ್ಲಿ, ಫ್ಯಾಕ್ಟರೀಲಿ ದುಡಿದವರಲ್ಲಿ ಇದೇ ಕಾಣತ್ತೆ. ಎಡಗಿವಿ ಜಾಸ್ತಿ ಹೋಗಿರೋದಕ್ಕೂ ಕಾರಣ ಇದೆ, ಬಲಗೈಲಿ ಗುಂಡು ಹೊಡೆಯೋರು ರೈಫಲನ್ನ ಬಲ ಭುಜಕ್ಕೆ ಇಟ್ಟಾಗ ಬಲಗಿವಿ ತಲೆ ಮರೆಗೆ ಹೋಗತ್ತೆ, ಎಡಗಿವಿ ನಳಿಗೆ ಕಡೆ ತಿರುಗಿರತ್ತೆ, ವರ್ಷಗಟ್ಟಲೆ ಹಂಗೇ ಆದ್ರೆ ಎರಡು ಕಿವಿ ಒಂದೇ ಥರ ಉಳಿಯಲ್ಲ. ಸಂಗೀತಕ್ಕೆ ಇದರ ಪರಿಣಾಮ ಏನು ಅಂದ್ರೆ ತಂಬೂರಿ. ಗಂಡಸರ ಷಡ್ಜ ಸಾಮಾನ್ಯವಾಗಿ 130, 140 ಹರ್ಟ್ಸ್ ಆಸುಪಾಸು ಇರತ್ತೆ, ಖರಜದ ತಂತಿ ಅದರ ಅರ್ಧ, ಅಷ್ಟು ಕೆಳಗಿಂದು. ಆದ್ರೆ ತಂಬೂರಿಗೆ ಜೀವ ಬರೋದು ಜವಾರಿಯಿಂದ, ಕುದುರೆ, ಅಂದ್ರೆ ತಂತಿ ಹೊರೋ ಪಟ್ಟಿ, ಅದರ ಮೇಲೆ ತಂತಿ ಸವರ್ಕೊಂಡು ಹೋಗಿ ಒಂದೇ ಮೀಟಿಗೆ ಮೇಲಿನ ಸ್ವರಗಳು ಸಾಲು ಸಾಲಾಗಿ ಹೊರಡ್ತಾವಲ್ಲ, ಅದು ಸಾವಿರಾರು ಹರ್ಟ್ಸ್ ತನಕ ಹೋಗತ್ತೆ. "ಇತ್ತೀಚೆಗೆ ತಂಬೂರಿ ಮಂಕಾಗಿ ಕೇಳತ್ತೆ, ಫೈಲೇ ಸರಿ ಇಲ್ವೇನೋ" ಅಂತಿದ್ರು ದೊಡ್ಡಪ್ಪ. ಫೈಲ್ ಸರಿ ಇತ್ತು.

ಈಗ ಮನೆ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ಹೆಡ್‌ಫೋನ್ ಸಲಹೆ ಕೊಡೋರಲ್ಲಿ ಮುಕ್ಕಾಲು ಜನ ಮಳೆ ಇಲ್ಲದ ಊರಲ್ಲಿ ಕೂತು ಕೊಡ್ತಾರೆ. ಹೈ ಎಂಡ್ ಹೆಡ್‌ಫೋನ್ ಹೆಚ್ಚಿನವು ಓಪನ್ ಬ್ಯಾಕ್, ಅಂದ್ರೆ ಕಪ್ಪಿನ ಹಿಂಭಾಗ ಜಾಲರಿ, ಸದ್ದು ಒಳಗೆ ಗುಂಯ್ಗುಡದೆ ಹೊರಗೆ ಹೋಗತ್ತೆ, ಅದಕ್ಕೇ ಧ್ವನಿ ಅಷ್ಟು ಬಿಚ್ಚಾಗಿ ಇರತ್ತೆ. ಒಳಗಿಂದು ಹೊರಗೆ ಹೋದಂಗೇ ಹೊರಗಿಂದೂ ಒಳಗೆ ಬರತ್ತೆ, ತಡೆಯೋದು ಅಂತ ಏನೂ ಇಲ್ಲ. ದೊಡ್ಡಪ್ಪ ಕೇಳೋ ಕೋಣೆಗೆ ಹಂಚು ತೆಗೆಸಿ ಶೀಟ್ ಹಾಕ್ಸಿದಾರೆ, ಕೆಳಗೆ ಸೀಲಿಂಗ್ ಇಲ್ಲ. ಆರಿದ್ರಾ ಮಳೆ ಶುರು ಆದ್ರೆ ಪುನರ್ವಸು, ಪುಷ್ಯ ಅಂತ ಆಗಸ್ಟ್ ತನಕ ಹೊಡೀತಾನೇ ಇರತ್ತೆ, ಶಾಂತಳ್ಳಿ ಕಡೆ ಮಳೆ ಅಂದ್ರೆ ಕೊಡಗಿನವರಿಗೇ ಗೊತ್ತು. ಅಂಥಾ ಒಂದು ಸಂಜೆ ಹೋಗಿ ಅವರ ಕುರ್ಚೀಲೇ ಕೂತು ಅಳತೆ ಮಾಡಿದೆ, ಅಮೆರಿಕದ ನಯೋಶ್ ಸಂಸ್ಥೆಯವರ ಸೌಂಡ್ ಲೆವೆಲ್ ಮೀಟರ್ ಆಪ್ ಐಫೋನಿಗೆ ಫ್ರೀ ಸಿಗತ್ತೆ, ಅದರಲ್ಲಿ. 70 ಡಿಬಿ ಆಸುಪಾಸು ತೋರ್ಸ್ತು, ಗಾಳಿ ಜೊತೆ ಬಂದಾಗ ಇನ್ನೂ ಮೇಲೆ.

ಈ 70ರ ಅರ್ಥ ಏನು ನೋಡಿ. ವಿಲಂಬಿತ್ ಆಲಾಪ ಕೇಳ್ಬೇಕು ಅಂದ್ರೆ ಮಳೆಗಿಂತ ಹತ್ತು ಹದಿನೈದು ಡಿಬಿ ಮೇಲಾದ್ರೂ ಸಂಗೀತ ಇರ್ಬೇಕು, ಅಂದ್ರೆ ಓಪನ್ ಬ್ಯಾಕಲ್ಲಿ ಸರಾಸರಿ 80, 85ಕ್ಕೆ ಏರಿಸ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದೊಡ್ಡೋರಿಗೆ ವಾರಕ್ಕೆ 80 ಡಿಬೀಲಿ 40 ಗಂಟೆ ಮಿತಿ ಅಂತ, ಪ್ರತಿ 3 ಡಿಬಿ ಜಾಸ್ತಿಗೆ ಆ ಟೈಮು ಅರ್ಧ ಆಗತ್ತೆ. 85ಕ್ಕೆ ಹೋದ್ರೆ ವಾರಕ್ಕೆ ಹನ್ನೆರಡು ಗಂಟೆ ಚಿಲ್ಲರೆ. ದಿನಾ ಮೂರು ಗಂಟೆ ಕೇಳೋ ಮನುಷ್ಯ ವಾರಕ್ಕೆ ಇಪ್ಪತ್ತೊಂದು ಗಂಟೆ ಕೇಳ್ತಾರೆ, ಅದೂ ಮೊದಲೇ ಪೆಟ್ಟು ತಿಂದ ಕಿವೀಲಿ. ಹಂಗಾಗಿ ಎಷ್ಟೇ ದುಬಾರಿ ಓಪನ್ ಬ್ಯಾಕ್ ಆದ್ರೂ ಜೂನಿಂದ ಸೆಪ್ಟೆಂಬರ್ ತನಕ ಈ ಕೋಣೆಗೆ ಅದು ಆಗಿಬರಲ್ಲ, ಇದು ರುಚಿಯ ಪ್ರಶ್ನೆ ಅಲ್ಲ.

ನಾಯ್ಸ್ ಕ್ಯಾನ್ಸಲಿಂಗ್ ತಗೊಂಡ್ರೆ ಆಯ್ತಲ್ಲ ಅಂತ ಅಣ್ಣ ಕೇಳಿದ. ಅದು ಚೆನ್ನಾಗಿ ಕೆಲಸ ಮಾಡೋದು ಸುಮಾರು 1000 ಹರ್ಟ್ಸಿಗಿಂತ ಕೆಳಗಿನ, ಒಂದೇ ಸಮನೆ ಬರೋ ಸದ್ದಿಗೆ, ವಿಮಾನ, ಜನರೇಟರ್ ಇಂಥದ್ದಕ್ಕೆ. ಶೀಟ್ ಮೇಲೆ ಬೀಳೋ ಹನಿ ಪಟಪಟ ಅಂತ ಚದುರಿದ ಸದ್ದು, ಮೇಲಿನ ಸ್ವರಗಳೇ ಜಾಸ್ತಿ, ಅದನ್ನ ತಡೆಯೋದು ಗಟ್ಟಿ ಕಪ್ಪು, ಒಳ್ಳೇ ದಿಂಬು. ಬೇಕಾಗಿದ್ದು ಸಾದಾ ಕ್ಲೋಸ್ಡ್ ಬ್ಯಾಕ್, ಅಂದ್ರೆ ಕಪ್ಪಿನ ಹಿಂಭಾಗ ಮುಚ್ಚಿರೋದು.

ಆದ್ರೆ ಅಕ್ಟೋಬರಿಂದ ಮೇ ತನಕ ಅದೇ ಕೋಣೆ ರಾತ್ರಿ ಎಷ್ಟು ನಿಶ್ಶಬ್ದ ಅಂದ್ರೆ ಬೆಂಗಳೂರಿನ ಯಾವ ಮನೇಲೂ ಅಂಥಾ ಕೇಳೋ ಜಾಗ ಸಿಗಲ್ಲ. ಆಗ ಓಪನ್ ಬ್ಯಾಕ್ ಬಿಟ್ಟು ಬೇರೆ ಕೇಳೋದು ನಷ್ಟ. ಅದಕ್ಕೆ ಒಂದು ದೊಡ್ಡ ಹೆಡ್‌ಫೋನ್ ಬದಲು ಎರಡು ಮಧ್ಯಮ ದರದ್ದು, ಒಂದೇ ಆಂಪು ಅಂತ ತೀರ್ಮಾನಕ್ಕೆ ಬಂದ್ವಿ. ಅಣ್ಣನಿಗೆ ಇದು ಅಷ್ಟು ಇಷ್ಟ ಆಗ್ಲಿಲ್ಲ, ಅಪ್ಪನಿಗೆ ಬೆಸ್ಟ್ ಅನ್ನೋದನ್ನೇ ಕೊಡಿಸ್ಬೇಕು ಅನ್ನೋ ಆಸೆ ಅವನಿಗೆ. ಸರಿ, ಬೆಂಗಳೂರಿಗೇ ಹೋಗಿ ಕೇಳ್ಸೋಣ ಅಂತ ಕಾಫಿ ಕೊಯ್ಲು ಮುಗಿದ ಮೇಲೆ ಕರ್ಕೊಂಡ್ಹೋದ್ವಿ, ದೊಡ್ಡಪ್ಪ ತಮ್ಮದೇ ಫೈಲು ಪೆನ್ ಡ್ರೈವಲ್ಲಿ ಹಾಕ್ಕೊಂಡು ಬಂದ್ರು. ಹೆಡ್‌ಫೋನ್ ಕೇಳೋಕೆ ಹೋಗೋರು ಇದೊಂದು ಮಾಡ್ಲೇಬೇಕು, ಅಂಗಡಿಯವರ ಡೆಮೊ ಟ್ರ್ಯಾಕಲ್ಲಿ ಎಲ್ಲಾ ಹೆಡ್‌ಫೋನೂ ಚೆನ್ನಾಗೇ ಇರತ್ತೆ.

ಅಲ್ಲಿ ಕೇಳಿದ್ದು ಹಿಂಗೆ. ಆಡಿಸಿ ಎಲ್‌ಸಿಡಿ-ಎಕ್ಸ್, ಪ್ಲೇನಾರ್, ಅಂದ್ರೆ ಕೋನ್ ಬದಲು ತೆಳು ಹಾಳೆ ಮೇಲೆ ತಂತಿ ಹರಡಿ ಪಕ್ಕದಲ್ಲಿ ಮ್ಯಾಗ್ನೆಟ್ ಇಟ್ಟಿರೋದು, ಕೆಳಗಿನ ಸ್ವರ ಅಷ್ಟು ಸ್ಪಷ್ಟ, ಖರಜ ಕೇಳಿ ದೊಡ್ಡಪ್ಪನ ಮುಖ ಅರಳ್ತು. ಆದ್ರೆ ಅದರ ತೂಕ 612 ಗ್ರಾಂ, ಅವರಿಗೆ ಕುತ್ತಿಗೆ ನೋವು ಹಳೇದು, ಒಂದು ಖಯಾಲ್ ಮುಗಿಯೋಷ್ಟರಲ್ಲಿ ಕೈ ಕುತ್ತಿಗೆಗೆ ಹೋಯ್ತು, ಅಲ್ಲಿಗೆ ಅದರ ಕಥೆ ಮುಗೀತು. ಫೋಕಲ್ ಕ್ಲಿಯರ್ 450 ಗ್ರಾಂ, ಅದೂ ಅವರಿಗೆ ಭಾರ ಅನ್ನಿಸ್ತು. ಎಚ್‌ಡಿ 800 ಎಸ್ 330 ಗ್ರಾಂ, ಹಾಕ್ಕೊಂಡಿದ್ದೇ ಗೊತ್ತಾಗಲ್ಲ, ಸಾರಂಗಿ ಒಂದು ಕಡೆ, ತಬಲಾ ಒಂದು ಕಡೆ ಅಂತ ಜಾಗ ಬಿಟ್ಟು ಕೂತಂಗೆ ಕೇಳತ್ತೆ, ಹೊಸ ರೆಕಾರ್ಡಿಂಗಲ್ಲಿ ಅದಕ್ಕೆ ಸರಿಸಾಟಿ ಕಮ್ಮಿ. ಆದ್ರೆ ಹಳೇ ರೇಡಿಯೋ ಟೇಪಿನ ಫೈಲ್ ಹಾಕಿದ್ರೆ ಟೇಪಿನ ಉಸ್ ಅನ್ನೋ ಸದ್ದೂ ಅಷ್ಟೇ ಎದ್ದು ಬಂತು. ಇವರ ಹಾರ್ಡ್ ಡಿಸ್ಕಲ್ಲಿರೋದು ಬಹುಪಾಲು ಅಂಥದ್ದೇ.

ಕೊನೆಗೆ ಎಚ್‌ಡಿ 600 ಹಾಕಿದ್ವಿ. 1997ರಲ್ಲಿ ಬಂದ ಮಾಡೆಲ್ಲು, 300 ಓಮ್ (ಕರೆಂಟಿಗೆ ಒಡ್ಡೋ ತಡೆ), 260 ಗ್ರಾಂ. ಇದರ ಬಲ ಇರೋದು ಮಧ್ಯದ ಸ್ವರಗಳಲ್ಲಿ, ಅಂದ್ರೆ ಮನುಷ್ಯನ ಗಂಟಲು ಇರೋ ಜಾಗದಲ್ಲೇ. ಕೆಳಗೆ ಖರಜದ ಹತ್ರ ಸ್ವಲ್ಪ ತೆಳು, ಜಾಗವೂ ಎಚ್‌ಡಿ 800 ಎಸ್ ಥರ ವಿಶಾಲ ಅಲ್ಲ, ಇದು ನಿಜ. ಆದ್ರೆ ಮನ್ಸೂರರು ತಾನ್ ತಗೊಳೋವಾಗ ಉಸಿರು ಎಲ್ಲಿ ಎಳೀತಾರೆ ಅನ್ನೋದು ಕೇಳತ್ತೆ, ಅದೂ ಕೆರಳಿಸದೆ. ದೊಡ್ಡಪ್ಪ ಕಣ್ಣು ಮುಚ್ಕೊಂಡು ಟ್ರ್ಯಾಕ್ ಪೂರ್ತಿ ಕೇಳಿದ್ದು ಇದೊಂದರಲ್ಲೇ, ಉಳಿದಿದ್ದರಲ್ಲೆಲ್ಲ ಮಧ್ಯೆ ಮಧ್ಯೆ ಏನಾದ್ರೂ ಹೇಳ್ತಿದ್ರು. ನನಗೆ ಇನ್ನೊಂದು ಕಾರಣ ಇತ್ತು, ಕಿವಿ ದಿಂಬು, ತಲೆ ದಿಂಬು, ವೈರು, ಒಳಗೆ ಸದ್ದು ಹೊರಡಿಸೋ ಡ್ರೈವರ್ ಎಲ್ಲಾ ಬಿಚ್ಚಿ ಬದಲಾಯಿಸ್ಬಹುದು, ಊರಿಂದ ಸರ್ವೀಸ್ ಸೆಂಟರ್ ಅಂದ್ರೆ ಬೆಂಗಳೂರೇ, ಸಣ್ಣ ರಿಪೇರಿಗೆಲ್ಲ ಅಲ್ಲಿಗೆ ಕಳ್ಸೋಕಾಗಲ್ಲ.

ಮಳೆಗಾಲಕ್ಕೆ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, 80 ಓಮ್. ಹೊರಗಿನ ಸದ್ದು ಸುಮಾರು 18 ಡಿಬಿ ತಡೀತೀವಿ ಅಂತ ಕಂಪನಿ ಕೊಡೋ ಅಂಕಿ, ಅಂದ್ರೆ 70ರ ಮಳೆ ಕಿವಿ ಹತ್ರ 52ರ ಆಸುಪಾಸಿಗೆ ಬರತ್ತೆ, ಸಂಗೀತ 65, 70ರಲ್ಲಿದ್ರೂ ಕೇಳತ್ತೆ. ಕ್ಲೋಸ್ಡ್ ಬ್ಯಾಕಲ್ಲಿ ಇದಕ್ಕಿಂತ ಎಷ್ಟೋ ಮೇಲಿಂದು ಇವೆ, ಎಚ್‌ಡಿ 820, ಫೋಕಲ್ ಸ್ಟೆಲಿಯಾ ಹಿಂಗೆ. ಇದನ್ನೇ ಹಿಡಿದಿದ್ದು ದಿಂಬಿನ ಸಲುವಾಗಿ, ವೆಲ್ವೆಟ್ ಥರದ ಬಟ್ಟೆ ದಿಂಬು. ಆರ್ಟಿಫಿಶಿಯಲ್ ಲೆದರ್ ನಮ್ಮ ಕಡೆ ತೇವಕ್ಕೆ ಒಳಗೊಳಗೇ ಕರಗಿ ಸಿಪ್ಪೆ ಸಿಪ್ಪೆಯಾಗಿ ಏಳತ್ತೆ, ನಿಜವಾದ ಚರ್ಮ ಆದ್ರೆ ಬೂಷ್ಟು, ಜುಲೈಲಿ ಬೀರು ಒಳಗಿಟ್ಟ ಚಪ್ಪಲಿ ಬೆಲ್ಟು ನೋಡಿದೋರಿಗೆ ಬಿಡಿಸಿ ಹೇಳೋದೇ ಬೇಡ. ಬಟ್ಟೆ ದಿಂಬಿಗೂ ಬೂಷ್ಟು ಬರ್ಬಹುದು, ಆದ್ರೆ ಬಿಚ್ಚಿ ತೊಳೆದು ಒಣಗಿಸ್ಬಹುದು. ಇದೇ ಕಾರಣಕ್ಕೆ ಸ್ಟ್ಯಾಕ್ಸ್ ಥರ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್ ಬಗ್ಗೆ ನಾನು ಮಾತೇ ಎತ್ತಲಿಲ್ಲ, 580 ವೋಲ್ಟ್ ಮೇಲೆ ನಿಂತಿರೋ ತೆಳು ಪೊರೆಗೂ ನಮ್ಮ ಜುಲೈ ತೇವಕ್ಕೂ ಸರಿ ಬರಲ್ಲ.

ಡಿಟಿ 770ಯ ಕೊರತೆ ಎರಡು. ವೈರ್ ಬಿಚ್ಚೋಕೆ ಬರಲ್ಲ. ಮತ್ತೆ ಮೇಲಿನ ಸ್ವರ 8000 ಹರ್ಟ್ಸ್ ಹತ್ರ ಎದ್ದಿದೆ, ಅದನ್ನ ಈಕ್ವಲೈಸರಲ್ಲಿ, ಅಂದ್ರೆ ಯಾವ ಸ್ವರ ಎಷ್ಟು ಜೋರಾಗಿರ್ಬೇಕು ಅಂತ ಬೇರೆ ಬೇರೆ ಏರಿಸಿ ಇಳಿಸೋ ಸೌಲಭ್ಯದಲ್ಲಿ, ಇಳಿಸ್ದೆ. ಕನ್ನಡಕದ ವಿಷಯ ಎಲ್ರಿಗೂ ಉಪಯೋಗಕ್ಕೆ ಬರತ್ತೆ, ಅದಕ್ಕೆ ಹೇಳ್ತೀನಿ: ಕ್ಲೋಸ್ಡ್ ಬ್ಯಾಕಲ್ಲಿ ಕನ್ನಡಕದ ಕಡ್ಡಿ ದಿಂಬಿನ ಕೆಳಗೆ ಸಂದು ಮಾಡತ್ತೆ, ಆ ಸಂದಿಂದ ಕೆಳಗಿನ ಸ್ವರ ಸೋರಿ ಹೋಗತ್ತೆ, ಮಳೆ ಸದ್ದು ಒಳಗೆ ಬರತ್ತೆ. ದೊಡ್ಡಪ್ಪಂದು ದಪ್ಪ ಫ್ರೇಮು. ಕನ್ನಡಕ ಹಾಕಿ, ತೆಗೆದು, ಹಾಕಿ ಕೇಳ್ಸಿದೆ, ತಬಲಾದ ಬಾಯಾ, ಅಂದ್ರೆ ಎಡಗೈಯ ಕೆಳಗಿನ ಸ್ವರದ ವಾದ್ಯ, ಬಂದು ಹೋಗಿ ಮಾಡೋದು ಅವರಿಗೇ ಗೊತ್ತಾಯ್ತು. ಈಗ ಕೇಳೋವಾಗ ಕನ್ನಡಕ ತೆಗೆದು ಪಕ್ಕಕ್ಕಿಡ್ತಾರೆ.

ಇನ್ನು ಆಂಪು. ಜನ ಗೊಂದಲ ಮಾಡ್ಕೊಳೋದು ಇಲ್ಲೇ, ಆದ್ರೆ ಲೆಕ್ಕ ಸುಲಭ. ಎಚ್‌ಡಿ 600ಗೆ 1 ವೋಲ್ಟ್ ಕೊಟ್ರೆ 97 ಡಿಬಿ ಬರತ್ತೆ ಅಂತ ಕಂಪನಿ ಅಂಕಿ. ದೊಡ್ಡಪ್ಪ ಕೇಳೋದು ಸರಾಸರಿ 75, ಹಾಡು ಏರಿದಾಗಿನ ಪೀಕ್ ಅದಕ್ಕಿಂತ 20 ಮೇಲೆ ಅಂದ್ರೂ 95. ಇಷ್ಟಕ್ಕೆ 1 ವೋಲ್ಟ್ ಕೊಡೋ ಫೋನಿನ ಸಣ್ಣ ಡಾಂಗಲ್ಲೇ ಸಾಕಲ್ಲ ಅನ್ನಿಸತ್ತೆ. ಆದ್ರೆ ಹಳೇ ರೆಕಾರ್ಡಿಂಗು ಮೆಲ್ಲಗಿರತ್ತೆ, ಅದಕ್ಕೆ 10 ಡಿಬಿ ಸೇರ್ಸಿ. ಈಕ್ವಲೈಸರಲ್ಲಿ ಯಾವುದಾದ್ರೂ ಸ್ವರ 6 ಡಿಬಿ ಏರಿಸ್ಬೇಕಂದ್ರೆ ಒಟ್ಟು ಸಿಗ್ನಲ್ 6 ಡಿಬಿ ಮೊದಲೇ ಇಳಿಸ್ಬೇಕು, ಇಲ್ಲಾಂದ್ರೆ ಡಿಜಿಟಲ್ಲಲ್ಲೇ ಒಡೆಯತ್ತೆ, ಅದನ್ನೂ ಸೇರ್ಸಿ. 95, 10, 6, ಒಟ್ಟು 111. 97ರಿಂದ 111ಕ್ಕೆ 14 ಡಿಬಿ, ವೋಲ್ಟೇಜಲ್ಲಿ ಐದು ಪಟ್ಟು. 5 ವೋಲ್ಟು, 300 ಓಮಿಗೆ 83 ಮಿಲಿವಾಟ್. ಅಷ್ಟೇ. ವಾಟ್‌ಗಟ್ಟಲೆ ಪವರ್ ಬೇಕಿಲ್ಲ, ಬೇಕಾಗಿರೋದು ವೋಲ್ಟೇಜು. ಡಿಟಿ 770ಗೆ 1 ಮಿಲಿವಾಟಿಗೆ 96 ಡಿಬಿ ಅಂತ ಕೊಟ್ಟಿದಾರೆ, 80 ಓಮಲ್ಲಿ 1 ವೋಲ್ಟ್ ಅಂದ್ರೆ 12.5 ಮಿಲಿವಾಟ್, ಲೆಕ್ಕ ಹಾಕಿದ್ರೆ 107 ಡಿಬಿ. ಅದಕ್ಕೆ 1.6 ವೋಲ್ಟ್ ಸಾಕು.

ಸ್ಪೆಕ್ ಓದೋವಾಗ ಡಿಬಿ ಮುಂದೆ ವೋಲ್ಟ್ ಇದ್ಯಾ ಮಿಲಿವಾಟ್ ಇದ್ಯಾ ನೋಡ್ಲೇಬೇಕು, ಎರಡನ್ನ ಒಂದೇ ಅಂದ್ಕೊಂಡು ಹೋಲಿಸಿದ್ರೆ ಲೆಕ್ಕ ಹತ್ತು ಡಿಬಿ ಆಚೀಚೆ ಆಗತ್ತೆ. ಮತ್ತೆ ಇದರಿಂದಾನೇ ಒಂದು ಅಪಾಯ ಇದೆ, ಒಂದೇ ನಾಬ್ ಪೊಸಿಷನಲ್ಲಿ ಎಚ್‌ಡಿ 600 ತೆಗೆದು ಡಿಟಿ 770 ಚುಚ್ಚಿದ್ರೆ 10 ಡಿಬಿ ಜಾಸ್ತಿ ಬಂದು ಕಿವಿಗೆ ಬಡಿಯತ್ತೆ. ಅದಕ್ಕೆ ಹೆಡ್‌ಫೋನ್ ಬದಲಾಯಿಸೋ ಮುಂಚೆ ನಾಬ್ ಪೂರ್ತಿ ಕೆಳಗೆ ಅಂತ ರೂಲ್ ಮಾಡಿದೆ, ಫೌಜಿ ಮನುಷ್ಯ, ಒಂದ್ಸಲ ಹೇಳಿದ್ದು ಸಾಕಾಯ್ತು.

ವಾಲ್ವ್ ಆಂಪ್ ಬಗ್ಗೆ ಅಣ್ಣನ ಜೊತೆ ಬಹಳ ಚರ್ಚೆ ಆಯ್ತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪಿಗೂ 300 ಓಮ್ ಹೆಡ್‌ಫೋನಿಗೂ ಒಳ್ಳೇ ಜೋಡಿ ಅನ್ನೋದು ಸುಳ್ಳಲ್ಲ, ಅದಕ್ಕೆ ಕಾರಣವೂ ಇದೆ. ಎಚ್‌ಡಿ 600ರ ಇಂಪಿಡೆನ್ಸ್, ಅಂದ್ರೆ ಓಮಲ್ಲಿ ಹೇಳೋ ಆ ತಡೆ, ಎಲ್ಲಾ ಸ್ವರಕ್ಕೂ 300 ಇರಲ್ಲ, 100 ಹರ್ಟ್ಸ್ ಆಸುಪಾಸು 500 ದಾಟತ್ತೆ. ಆಂಪಿನ ಔಟ್‌ಪುಟ್ ಇಂಪಿಡೆನ್ಸ್, ಅಂದ್ರೆ ಆಂಪಿನ ಸ್ವಂತ ತಡೆ, 120 ಓಮ್ ಅಂತಿಟ್ಕೊಳಿ, ಎಲ್ಲಿ ಹೆಡ್‌ಫೋನಿನ ಓಮ್ ಜಾಸ್ತಿಯೋ ಅಲ್ಲಿ ವೋಲ್ಟೇಜ್ ಕಮ್ಮಿ ಕಳೆಯತ್ತೆ, ಲೆಕ್ಕ ಹಾಕಿದ್ರೆ 100 ಹರ್ಟ್ಸ್ ಹತ್ರ ಒಂದು ಡಿಬಿಯಷ್ಟು ಉಬ್ಬತ್ತೆ. ಕಂಠ ತುಂಬಿದಂಗೆ, ಬೆಚ್ಚಗೆ ಕೇಳತ್ತೆ ಅಂತ ಜನ ಹೇಳೋದರಲ್ಲಿ ದೊಡ್ಡ ಪಾಲು ಈ ಒಂದು ಡಿಬಿ. ಅದನ್ನ ಈಕ್ವಲೈಸರಲ್ಲಿ ದುಡ್ಡಿಲ್ಲದೆ ಹಾಕ್ಬಹುದು. ಅಂಥಾ ಆಂಪು 80 ಓಮಿಗೆ ಬಂದಾಗ ಪವರ್ ಬಿದ್ದುಹೋಗತ್ತೆ, ನಮಗೆ ಒಂದೇ ಆಂಪಲ್ಲಿ ಎರಡೂ ನಡೀಬೇಕು. ಸಾಲದ್ದಕ್ಕೆ ಮಳೆಗಾಲದಲ್ಲಿ ವೋಲ್ಟೇಜ್ ಏರಿಳಿತ, ಒಂದು ವಾಲ್ವ್ ಹೋದ್ರೆ ತರಿಸೋದೆಲ್ಲಿಂದ. ಬೇಡ ಅಂದೆ.

ತಗೊಂಡಿದ್ದು ಸಾಲಿಡ್ ಸ್ಟೇಟ್, ಅಂದ್ರೆ ವಾಲ್ವ್ ಬದಲು ಟ್ರಾನ್ಸಿಸ್ಟರ್ ಇರೋದು, ಡಿಜಿಟಲ್ ಫೈಲನ್ನ ಸಿಗ್ನಲ್ ಮಾಡೋ ಡ್ಯಾಕ್ ಒಳಗೇ ಇರೋದು, ಔಟ್‌ಪುಟ್ ಇಂಪಿಡೆನ್ಸ್ 1 ಓಮಿಗಿಂತ ಕಮ್ಮಿ, 300 ಓಮಿಗೆ 5 ವೋಲ್ಟ್ ದಾಟಿ ಕೊಡತ್ತೆ, ಎಷ್ಟು ಪಟ್ಟು ಏರಿಸ್ಬೇಕು ಅಂತ ಬದಲಾಯಿಸೋ ಗೇನ್ ಸ್ವಿಚ್ಚು, ಕೈಗೆ ಸಿಗೋ ದಪ್ಪ ನಾಬು. ಈ ಲೆಕ್ಕಕ್ಕೆ ಹೊಂದೋದು ಟಾಪಿಂಗ್, ಫಿಯೊ, ಜೆಡಿಎಸ್ ಲ್ಯಾಬ್ಸ್ ಅಂತ ಎಷ್ಟೋ ಜನ ಮಾಡ್ತಾರೆ, ಅದಕ್ಕೇ ಮಾಡೆಲ್ ಹೆಸರು ಹೇಳ್ತಿಲ್ಲ, ಅಂಕಿ ಮುಖ್ಯ. ಅಣ್ಣನ ಸಮಾಧಾನಕ್ಕೆ ಅವನ ಸ್ನೇಹಿತರ ಹತ್ರ ಇದ್ದ, ಬೆಲೇಲಿ ಇದರ ಐದಾರು ಪಟ್ಟಿನ ಸಾಲಿಡ್ ಸ್ಟೇಟ್ ಆಂಪ್ ತಂದು ಪಕ್ಕದಲ್ಲಿಟ್ವಿ. ಹೋಲಿಸೋ ಮುಂಚೆ ಎರಡರ ಸದ್ದು ಸರಿಸಮ ಮಾಡ್ಲೇಬೇಕು, ಒಂದು ಡಿಬಿ ಜಾಸ್ತಿ ಇದ್ರೂ ಕಿವಿ ಅದನ್ನೇ ಚೆಂದ ಅನ್ನತ್ತೆ. ಸಾದಾ ಮಲ್ಟಿಮೀಟರ್ ಎಸಿ ರೇಂಜಲ್ಲಿಟ್ಟು, 100 ಹರ್ಟ್ಸ್ ಟೋನ್ ಹಾಕಿ, ಹೆಡ್‌ಫೋನ್ ಚುಚ್ಚಿರೋವಾಗಲೇ ವೋಲ್ಟೇಜ್ ಅಳೆದು ಸಮ ಮಾಡಿದೆ. 1000 ಹರ್ಟ್ಸ್ ಹಾಕ್ಬೇಡಿ, ಅಗ್ಗದ ಮೀಟರು ಕೆಲವು ನೂರು ಹರ್ಟ್ಸ್ ಆಚೆ ಸರಿ ತೋರ್ಸಲ್ಲ. ಟವೆಲ್ ಮುಚ್ಚಿ ಬದಲಾಯಿಸಿ ಬದಲಾಯಿಸಿ ಕೇಳ್ಸಿದ್ರೆ ಯಾವುದು ಯಾವುದು ಅಂತ ದೊಡ್ಡಪ್ಪಂಗೂ ಗೊತ್ತಾಗ್ಲಿಲ್ಲ, ಅಣ್ಣಂಗೂ ಇಲ್ಲ, ನನಗೂ ಇಲ್ಲ. ಅಣ್ಣ ಅಲ್ಲಿಂದಾಚೆಗೆ ಆಂಪ್ ವಿಷಯ ಬಿಟ್ಟ.

ಕರೆಂಟ್ ವಿಷಯ ಮಾತ್ರ ಬಿಡೋ ಹಂಗಿಲ್ಲ. ಮನೆ ಇನ್ವರ್ಟರ್ ಹಳೇದು, ಸ್ಕ್ವೇರ್ ವೇವ್, ಅಂದ್ರೆ ಲೈನ್ ಕರೆಂಟಿನ ಥರ ನಯವಾದ ಅಲೆ ಅಲ್ಲ, ಚೌಕ ಚೌಕದ್ದು. ಒಳಗೇ ಟ್ರಾನ್ಸ್‌ಫಾರ್ಮರ್ ಇರೋ ಆಂಪನ್ನ ಇದಕ್ಕೆ ಹಾಕಿದ್ರೆ ಡಬ್ಬಿನೇ ಗುರ್ ಅನ್ನತ್ತೆ. ಹೊರಗಿನ ಅಡಾಪ್ಟರಲ್ಲಿ ನಡಿಯೋ ಆಂಪ್ ತಗೊಂಡಿದ್ದು ಅದಕ್ಕೇ, ಇದರಲ್ಲಿ ಆ ಕಾಟ ಇಲ್ಲ. ಮುಂದಿನ ಬ್ಯಾಟರಿ ಬದಲಾವಣೆಗೆ ಪ್ಯೂರ್ ಸೈನ್ ವೇವ್ ಇನ್ವರ್ಟರೇ ಹಾಕ್ಸಿ ಅಂದಿದೀನಿ. ಇನ್ನೊಂದು, ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದಾಗ ಮಾತ್ರ ಹೆಡ್‌ಫೋನಲ್ಲಿ ಝುಂ ಅನ್ನೋ ಸದ್ದು, ಆಂಪಿನ ಮೈ ಮೇಲೆ ಬೆರಳು ಸವರಿದ್ರೆ ಸಣ್ಣಗೆ ಜುಮ್ ಅನ್ನೋದು. ಮೂರು ಪಿನ್ನಿನ ಆ ಚಾರ್ಜರ್ ಒಳಗಿನ ಕೆಪಾಸಿಟರಿಂದ ಚೂರು ಕರೆಂಟ್ ಮೈಗೆ ಸೋರತ್ತೆ, ಅರ್ಥ್ ಸರಿ ಇದ್ರೆ ಅದು ಅಲ್ಲಿ ಇಳಿದುಹೋಗತ್ತೆ. ಸಾಕೆಟ್ ನೋಡಿದ್ರೆ ಅರ್ಥ್ ವೈರೇ ತುಕ್ಕು ಹಿಡಿದು ಬಿಟ್ಟೋಗಿತ್ತು, ಅರ್ಥ್ ಗುಂಡಿ ಬೇಸಿಗೇಲಿ ಒಣಗಿ ಬಿರುಕು ಬಿಟ್ಟಿತ್ತು. ಎಲೆಕ್ಟ್ರಿಷಿಯನ್ ಕರೆಸಿ ಹೊಸ ಗುಂಡಿ ತೆಗೆಸಿದ್ವಿ, ಸದ್ದೂ ಹೋಯ್ತು, ಜುಮ್ಮೂ ಹೋಯ್ತು. ಇದು ಹೆಡ್‌ಫೋನಿಗಾಗಿ ಮಾಡಿದ್ದಾದ್ರೂ ಮನೆಯವರ ಪ್ರಾಣಕ್ಕೆ ಬೇಕಾಗಿದ್ದ ಕೆಲಸ, ಹಳೇ ಮನೆ ಇರೋರು ಇವತ್ತೇ ನೋಡಿಸ್ಕೊಳಿ. ಭರಣಿ ಮಳೆ ಹೊತ್ತಿಗೆ ಗುಡುಗು ಸಿಡಿಲು ಶುರು ಆಗತ್ತಲ್ಲ, ಆಗ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಕೀಳ್ಬೇಕು, ಲ್ಯಾಪ್‌ಟಾಪಿಗೆ ಬರೋ ನೆಟ್ ಕೇಬಲ್ಲೂ ಕೀಳ್ಬೇಕು.

ಈಗ ಈಕ್ವಲೈಸರ್. ಎಡಗಿವಿ 4000ದಲ್ಲಿ 55 ಡಿಬಿ ಕಮ್ಮಿ ಅಂತ 55 ಏರಿಸೋಕಾಗಲ್ಲ, ಹಿಯರಿಂಗ್ ಏಡ್ ಕೂರಿಸೋರೇ ಹಳೇ ಕಾಲದಿಂದ ಕೊರತೆಯ ಅರ್ಧ ಅನ್ನೋ ಸೂತ್ರ ಇಟ್ಕೊಂಡಿದಾರೆ, ಸಂಗೀತಕ್ಕೆ ಅಷ್ಟೂ ಬೇಡ. ಎಡಕ್ಕೆ 6 ಡಿಬಿ, ಬಲಕ್ಕೆ 3 ಡಿಬಿ, ಅಷ್ಟರಲ್ಲೇ ನಿಲ್ಸಿದೆ, ಇನ್ನೂ ಏರಿಸಿದ್ರೆ ಉಳಿದಿರೋ ಕಿವಿಗೇ ಪೆಟ್ಟು. ತಂಬೂರಿ ಒಂದೇ ಇರೋ ಫೈಲ್ ಹಾಕಿ, ಈಕ್ವಲೈಸರ್ ಆನ್ ಆಫ್ ಮಾಡ್ತಾ ಕೂತೆ. ಆನ್ ಮಾಡಿದಾಗ ದೊಡ್ಡಪ್ಪ ಕೈ ಎತ್ತಿ ನಿಲ್ಸು ಅಂದ್ರು. "ಇದು, ಇದೇ ಜವಾರಿ. ಇಷ್ಟು ವರ್ಷ ಎಲ್ಲಿತ್ತು ಇದು?" ಅಂದವರು ಆ ತಂಬೂರಿನೇ ಹತ್ತು ನಿಮಿಷ ಕೇಳಿದ್ರು, ಹಾಡಿಗೆ ಹೋಗ್ಲೇ ಇಲ್ಲ. ಇಡೀ ಪ್ರಕರಣದಲ್ಲಿ ಧ್ವನಿ ಮೇಲೆ ಅತಿ ದೊಡ್ಡ ಬದಲಾವಣೆ ತಂದಿದ್ದು ಈ ಪೈಸೆ ಖರ್ಚಿಲ್ಲದ ಕೆಲಸ, ಅದು ಆಡಿಯೋಗ್ರಾಂ ಇದ್ದಿದ್ದಕ್ಕೆ ಸಾಧ್ಯ ಆಯ್ತು. ನಾನು ಮಾಡಿದ್ದು ಸಂಗೀತ ಕೇಳೋದಕ್ಕೆ ಮಾತ್ರ. ಮಾತು ಕೇಳೋಕೆ ತೊಂದ್ರೆ ಇದ್ರೆ ಅದು ಆಡಿಯಾಲಜಿಸ್ಟ್ ಕೆಲಸ, ದೊಡ್ಡಪ್ಪಂಗೆ ವರ್ಷಕ್ಕೊಂದ್ಸಲ ಬರೋಕೆ ಹೇಳಿದಾರೆ.

ಇಡೋ ಕ್ರಮ: ಕೇಳಿ ಆದ್ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಬೆವರು ಆರಿದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬೀಲಿ ಸಿಲಿಕಾ ಜೆಲ್ ಜೊತೆ. ಜೆಲ್ ಬಣ್ಣ ತಿರುಗಿದ್ರೆ ಬಾಣಲೇಲಿ ಸಣ್ಣ ಉರೀಲಿ ಬಿಸಿ ಮಾಡಿ ಮತ್ತೆ ಹಾಕೋದು. ಏಲಕ್ಕಿ ಕಾಯೋ ಹಂಗೆ ಒಲೆ ಮೇಲಿನ ಅಟ್ಟದಲ್ಲಿಡ್ಲಾ ಅಂತ ದೊಡ್ಡಮ್ಮ ಕೇಳಿದ್ರು, ಒಣಗೋದೇನೋ ನಿಜ, ಆದ್ರೆ ಹೊಗೆ ಜಿಡ್ಡು ಡ್ರೈವರ್ ಒಳಗೆ ಹೋಗತ್ತೆ, ಬೇಡ ದೊಡ್ಡಮ್ಮ ಅಂದೆ. ಹೆಚ್ಚುವರಿ ದಿಂಬು ಮೇ ಒಳಗೆ ತರಿಸಿಡ್ಬೇಕು, ಆಮೇಲೆ ರಸ್ತೆ ಹೆಂಗಿರತ್ತೋ, ಕೊರಿಯರ್ ಬರತ್ತೋ ಇಲ್ವೋ.

ಎಲ್ಲಾ ಸೇರಿ ಖರ್ಚು, ಅರ್ಥ್ ಗುಂಡಿ ಸಮೇತ, ಬಜೆಟ್ಟಿನ ಅರ್ಧಾನೂ ಆಗ್ಲಿಲ್ಲ. ಉಳಿದ ದುಡ್ಡಲ್ಲಿ ಎಚ್‌ಡಿ 800 ಎಸ್ ತಗೊಂಡ್ಬಿಡೋಣ ಅಂತ ಅಣ್ಣ ಇನ್ನೂ ಅಂತಾನೆ. ದೊಡ್ಡಪ್ಪ ಬೇರೆ ಹೇಳಿದಾರೆ, ಶೀಟ್ ಕೆಳಗೆ ಸದ್ದು ಹೀರೋ ರಾಕ್ ವೂಲ್ ತುಂಬ್ಸಿ ಹಲಗೆ ಸೀಲಿಂಗ್ ಹೊಡೆಸೋದು ಅಂತ, ಬಡಗಿಗೆ ಮಾತಾಡಿ ಆಗಿದೆ, ಈ ಸಲ ಕೊಯ್ಲು ಮುಗಿದ ತಕ್ಷಣ ಕೆಲಸ ಶುರು. ಅದಾದ್ಮೇಲೆ ಬರೋ ಆರಿದ್ರಾ ಮಳೇಲಿ ಅದೇ ಕುರ್ಚೀಲಿ ಕೂತು ಮತ್ತೆ ಅಳೀತೀನಿ. 70 ಅಂತ ತೋರ್ಸಿದ್ದು 50ರ ಹತ್ರ ಬಂದ್ರೆ ಮಳೆಗಾಲದಲ್ಲೂ ಓಪನ್ ಬ್ಯಾಕ್ ಕೇಳ್ಬಹುದು, ಆಗ ಅಣ್ಣನ ಮಾತು ಮತ್ತೆ ತೆಗೀತೀವಿ. ಆಂಪ್ ಹೆಂಗೂ ಬದಲಾಯಿಸೋ ಹಂಗಿಲ್ಲ, ಎಚ್‌ಡಿ 800 ಎಸ್ಸೂ 300 ಓಮೇ, ಈಗಿರೋ ವೋಲ್ಟೇಜಲ್ಲೇ ಆರಾಮಾಗಿ ನಡಿಯತ್ತೆ.